ಮೊದಲ ಸೈಕಲ್ಲಿನ ಆಯ್ಕೆ

ಡಾಂಬರು ರಸ್ತೆ ಮುಗಿದು ಜಲ್ಲಿಯ ದಾರಿ ತೊಡಗುವ ಎಡೆಯಲ್ಲಿ ಸೈಕಲ್ ಸವಾರನ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಅಲ್ಲಿಯವರೆಗೆ ಸದ್ದಿಲ್ಲದೆ ಉರುಳುತ್ತಿದ್ದ ಚಕ್ರ ತಡವರಿಸುತ್ತದೆ. ಹ್ಯಾಂಡಲು ಕೈಯಲ್ಲಿ ನಡುಗುತ್ತದೆ. ಸಡಿಲವಾದ ಕಲ್ಲು ಟೈರಿನ ಅಡಿಯಿಂದ ಸಿಡಿದು ಬದಿಗೆ ಹಾರುತ್ತದೆ. ಹಳ್ಳಿಯಿಂದ ಶಾಲೆಗೆ ಬರುವ ಅನೇಕರಿಗೆ ಈ ಎರಡು ಬಗೆಯ ದಾರಿಗಳೂ ನಿತ್ಯದ ಅನುಭವ. ಅಂಥವರು ಮೊದಲ ಸೈಕಲ್ಲನ್ನು ಕೊಳ್ಳುವಾಗ ಅದರ ಬಣ್ಣಕ್ಕೆ ಮರುಳಾಗದೆ ಕೆಲವು ಸಂಗತಿಗಳನ್ನು ವಿಚಾರಮಾಡಬೇಕಾಗುತ್ತದೆ.

ಮೊದಲನೆಯದು ಅಳತೆ. 'ಬೆಳೆಯುವ ಹುಡುಗ, ದೊಡ್ಡದನ್ನೇ ಕೊಡಿ' ಎಂದು ಅಂಗಡಿಯವನಿಗೆ ಹೇಳುವ ಹಿರಿಯರು ನಮ್ಮಲ್ಲಿ ಬಹಳ. ನನ್ನ ತಂದೆಯವರೂ ಹಾಗೆಯೇ ಹೇಳಿದರು. ಆ ಸೈಕಲ್ಲನ್ನು ನಾನು ಎರಡು ವರ್ಷಕಾಲ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿಯೇ ತುಳಿದೆ. ಒಂದು ಸಂಜೆ ಇಳಿಜಾರಿನ ತಿರುವಿನಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿತು. ಕಾಲೂರೋಣವೆಂದರೆ ನೆಲ ನಿಲುಕಲಿಲ್ಲ. ಮೊಣಕೈಯ ಗಾಯದ ಕಲೆ ಇಂದಿಗೂ ಇದೆ. ಆದ್ದರಿಂದ ಸೈಕಲ್ಲಿನ ಚೌಕಟ್ಟನ್ನು ಎರಡು ಕಾಲುಗಳ ನಡುವೆ ಇರಿಸಿಕೊಂಡು, ಪಾದಗಳನ್ನು ನೆಲಕ್ಕೆ ಪೂರ್ತಿಯಾಗಿ ಊರಿ ನಿಂತು ನೋಡಬೇಕು. ಆಗ ಅಡ್ಡಪಟ್ಟಿಗೂ ಮೈಗೂ ನಡುವೆ ಸುಮಾರು 5 ಸೆಂಟಿಮೀಟರಿನಷ್ಟಾದರೂ ತೆರಪಿರಬೇಕು. ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನು ಇರಿಸಿದಾಗ ಮೊಣಕಾಲು ನೇರವಾದರೆ ಸೀಟಿನ ಎತ್ತರ ಸರಿಯಾಗಿದೆಯೆಂದು ತಿಳಿಯಬಹುದು. ಸೀಟನ್ನು ಏರಿಸಬಹುದು, ಇಳಿಸಬಹುದು. ಚೌಕಟ್ಟನ್ನು ಹಾಗೆ ಮಾಡಲಾಗದು.

ಎರಡನೆಯದಾದ ಟೈರಿನ ವಿಚಾರ ಎಲ್ಲಕ್ಕಿಂತ ಸ್ವಾರಸ್ಯವಾದುದು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಮಗನ ಮೂರುಚಕ್ರದ ಸೈಕಲ್ಲು ಗಟ್ಟಿ ಚಕ್ರಗಳ ಮೇಲೆ ಕುಲುಕಾಡುತ್ತಿದ್ದುದೇ ಅವನಿಗೆ ಪ್ರೇರಣೆಯಾಯಿತು. ಅವನಿಗಿಂತ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬವನು ಇದೇ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನಾದರೂ ಲೋಕ ಅದನ್ನು ಮರೆತುಬಿಟ್ಟಿತ್ತು.

ಈ ಗಾಳಿ ಮಾಡುವ ಕೆಲಸವೇನು? ಹಿಂದಿನ ಚಕ್ರದ ಮೇಲೆ 45 ಕಿಲೋಗ್ರಾಂ ಭಾರವಿದೆ ಎಂದಿಟ್ಟುಕೊಳ್ಳಿ. ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಇದ್ದರೆ ಟೈರು ನೆಲವನ್ನು ಸ್ಥೂಲವಾಗಿ ಏಳೂವರೆ ಚದರ ಸೆಂಟಿಮೀಟರಿನಷ್ಟು ಮಾತ್ರ ಮುಟ್ಟುತ್ತದೆ. ಒತ್ತಡವನ್ನು 3ಕ್ಕೆ ಇಳಿಸಿದರೆ ಈ ವಿಸ್ತೀರ್ಣ ಇಮ್ಮಡಿಯಾಗಿ 15 ಆಗುತ್ತದೆ. ನುಣುಪಾದ ಡಾಂಬರಿನ ಮೇಲೆ ಬಿಗಿಯಾದ ಟೈರು ಹಗುರವಾಗಿ ಉರುಳುತ್ತದೆ. ಜಲ್ಲಿಯ ಮೇಲಾದರೋ ಅದೇ ಟೈರು ಪ್ರತಿಯೊಂದು ಕಲ್ಲಿಗೂ ಪುಟಿದು ಹಿಡಿತ ಕಳೆದುಕೊಳ್ಳುತ್ತದೆ. ಗಾಳಿ ಕಡಿಮೆಯಿರುವ ಟೈರು ಕಲ್ಲಿನ ಸುತ್ತ ಬಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಹಾಗೆಂದು ಕಿರಿದಾದ ಟೈರಿನ ಗಾಳಿಯನ್ನು ಬಹಳ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಆದುದರಿಂದ ಟೈರು ಅಗಲವಾಗಿರಬೇಕು. ಪಂದ್ಯದ ಸೈಕಲ್ಲಿನ 25 ಮಿಲಿಮೀಟರು ನಮಗೆ ಸಾಲದು. ಬೆಟ್ಟದ ಸೈಕಲ್ಲಿನ 50ಕ್ಕೂ ಮೀರಿದ ಅಗಲ ಡಾಂಬರಿನ ಮೇಲೆ ಭಾರವೆನಿಸುತ್ತದೆ. 40ರ ಆಸುಪಾಸು ಎರಡಕ್ಕೂ ಒಗ್ಗುವಂಥದು.

ಟೈರಿನ ಬದಿಯಲ್ಲಿ 40-622 ಎಂಬಂಥ ಅಂಕಿಗಳಿರುವುದನ್ನು ನೀವು ನೋಡಿರಬಹುದು. ಮೊದಲನೆಯದು ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ. ನಮ್ಮ ಹಳೆಯ ದೊಡ್ಡ ಸೈಕಲ್ಲಿನಲ್ಲಿ ಈ ವ್ಯಾಸ 635. ವ್ಯತ್ಯಾಸ 13 ಮಿಲಿಮೀಟರು ಮಾತ್ರವಾದರೂ ಒಂದರ ಟೈರು ಇನ್ನೊಂದಕ್ಕೆ ಕೂರದು. ಊರಿನ ಪಂಕ್ಚರು ಅಂಗಡಿಯಲ್ಲಿ ಯಾವ ಅಳತೆಯದು ದೊರೆಯುತ್ತದೆಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸುವುದು ಲೇಸು.

ಗೇರಿನ ಲೆಕ್ಕ ಸುಲಭವಾದುದು. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 22 ಹಲ್ಲುಗಳಿದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಚಕ್ರ ಎರಡು ಸುತ್ತು ತಿರುಗಿ ಸುಮಾರು 4.4 ಮೀಟರು ಸಾಗುತ್ತದೆ. ಎರಡರಲ್ಲೂ 32 ಇದ್ದರೆ ಸಾಗುವುದು 2.2 ಮೀಟರು ಮಾತ್ರ. ಆದರೆ ತುಳಿಯುವ ಶ್ರಮವೂ ಅರ್ಧಕ್ಕಿಳಿಯುತ್ತದೆ. ಜಲ್ಲಿಯ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುವುದರಿಂದ, ಕುಳಿತೇ ಏರಲು ಅನುವಾಗುವ ಇಂಥ ಸಣ್ಣ ಗೇರು ಅವಶ್ಯ. ಗೇರುಗಳ ಸಂಖ್ಯೆ ಎಷ್ಟೆಂದು ಹೆಮ್ಮೆಪಡುವುದು ವ್ಯರ್ಥ.

ಬ್ರೇಕಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ರಿಮ್ಮನ್ನು ಒತ್ತುವ ರಬ್ಬರಿನ ಬ್ರೇಕು ಒಣ ಹವೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಮಳೆಗಾಲದಲ್ಲಿ ನೆನೆದ, ಕೆಸರು ಮೆತ್ತಿದ ರಿಮ್ಮಿನ ಮೇಲೆ ಅದು ಜಾರುವುದರಿಂದ ಸೈಕಲ್ಲು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಚಕ್ರದ ನಡುವೆ ಇರುವ ಡಿಸ್ಕ್ ಬ್ರೇಕಿಗೆ ಕೆಸರು ಅಷ್ಟಾಗಿ ತಾಕದು. ಮುಂದಿನ ಸ್ಪ್ರಿಂಗಿಗಾಗಿ ವೆಚ್ಚಮಾಡುವ ಹಣವನ್ನು ಇದಕ್ಕೆ ವೆಚ್ಚಮಾಡುವುದು ಮೇಲೆಂದು ನನ್ನ ಅಭಿಪ್ರಾಯ. ಅಗ್ಗದ ಸ್ಪ್ರಿಂಗು ತೂಕವನ್ನು ಹೆಚ್ಚಿಸುತ್ತದೆಯೇ ಹೊರತು ಅಗಲವಾದ ಟೈರಿಗಿಂತ ಹೆಚ್ಚಿನ ಸುಖವನ್ನೇನೂ ಕೊಡದು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯದಲ್ಲಿ 2006ರಲ್ಲಿ ಆರಂಭವಾದ ಜಲ್ಲಿ ರಸ್ತೆಯ ಪಂದ್ಯದಲ್ಲಿ ಸುಮಾರು 320 ಕಿಲೋಮೀಟರು ಕ್ರಮಿಸುವ ಸವಾರರಲ್ಲಿಯೂ ಹೆಚ್ಚಿನವರು ನೆಚ್ಚುವುದು ಟೈರನ್ನೇ.

ಇಷ್ಟೆಲ್ಲ ನೋಡಿದ ಮೇಲೆ, ಹಣ ಕೊಡುವ ಮುನ್ನ, ಅಂಗಡಿಯವನ ಅನುಮತಿ ಪಡೆದು ಸೈಕಲ್ಲನ್ನು ಹತ್ತಿರದ ಮಣ್ಣು ರಸ್ತೆಗೆ ಒಯ್ಯಿರಿ. ಒಂದು ಏರು ಹತ್ತಿ, ಇಳಿಯುವಾಗ ಎರಡು ಬ್ರೇಕುಗಳನ್ನೂ ಮೆಲ್ಲಗೆ ಹಿಡಿದು ನಿಲ್ಲಿಸಿ, ಕಾಲು ನೆಲಕ್ಕೆ ನಿಲುಕುತ್ತದೆಯೇ ನೋಡಿರಿ.