ಅಪ್ಪಯ್ಯ, ನಾನು ಮತ್ತು 250 ಪೌಂಡಿನ ಹಾಯಿದೋಣಿ

ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು. ಅಜ್ಜ ಮಂಜಿಯಲ್ಲಿ ಹಂಚು ಹೇರಿಕೊಂಡು ಮುಂಬೈಗೆ ಹೋಗಿಬರುತ್ತಿದ್ದವರು. ಅಪ್ಪಯ್ಯ ಹದಿನೈದು ತುಂಬುವ ಮೊದಲೇ ಪಾತಿ ದೋಣಿ ಹತ್ತಿದವರು, ಆಮೇಲೆ ಬೋಟಿಗೆ ಹೋದವರು. ಆದರೂ ಹೊಳೆ ದಾಟಿ ಕುಂದಾಪುರಕ್ಕೆ ಹೋಗುವ ದೋಣಿ ಬಿಟ್ಟರೆ ನಾನು ಬೇರೆ ದೋಣಿ ಹತ್ತಿದ್ದೇ ಇಲ್ಲ. ನಮ್ಮನೆಯಲ್ಲಿ ಹೆಣ್ಣುಮಕ್ಕಳು ಮೀನಿನ ಬುಟ್ಟಿ ಹೊರಬಹುದಿತ್ತು, ದೋಣಿ ಹತ್ತುವಂತಿರಲಿಲ್ಲ. ಯಾಕೆ ಅಂತ ಕೇಳುವ ಅಭ್ಯಾಸವೂ ನಮಗಿರಲಿಲ್ಲ.

ಈಗ ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನ ಡರ್ಬಿಯಲ್ಲಿದ್ದೇನೆ. ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರವೇ. ಅಮ್ಮ ತೀರಿಕೊಂಡು ವರ್ಷವಾದ ಮೇಲೆ, ಹೋದ ಏಪ್ರಿಲ್‌ನಲ್ಲಿ, ಅಪ್ಪಯ್ಯನನ್ನು ಆರು ತಿಂಗಳ ವೀಸಾ ಮೇಲೆ ಕರೆಸಿಕೊಂಡೆ. ವಯಸ್ಸು 74. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು, ಕಿಟಕಿ ಪಕ್ಕ ಕೂರುತ್ತಿದ್ದರು. ಊಟ ಕೊಟ್ಟರೆ ಉಣ್ಣುತ್ತಿದ್ದರು. ಮಾತಿಲ್ಲ. ನಮ್ಮ ಯಜಮಾನ್ರು, ‘ಹೀಗೇ ಬಿಟ್ರೆ ಅಪ್ಪಯ್ಯ ಸೊರಗಿ ಹೋಗ್ತಾರೆ ಕಣೇ’ ಅಂದರು. ನನಗೂ ಅದೇ ಭಯ.

ಒಂದು ಸಂಜೆ ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಾ, ‘ಅಲ್ಲೊಂದ್ ದೋಣಿ ಕೊಳೀತಾ ಬಿದ್ಕಂಡಿತ್ತ್ ಮಗಾ. ಯಾರದ್ದ್ ಅದ್?’ ಅಂದರು. ಮೂರು ವಾರದಲ್ಲಿ ಅವರಾಗಿಯೇ ಆಡಿದ ಮೊದಲ ಮಾತು ಅದು. ಮರುದಿನವೇ ಆ ಮನೆಯ ಬಾಗಿಲು ತಟ್ಟಿದೆ.

ಏನಿದು ಎಂಟರ್‌ಪ್ರೈಸ್?

ಹಿತ್ತಿಲಲ್ಲಿ ಹರಿದ ಟಾರ್ಪಾಲಿನ ಕೆಳಗೆ ಬಿದ್ದಿದ್ದುದು ‘ಎಂಟರ್‌ಪ್ರೈಸ್’ ಎಂಬ ರೇಸಿಂಗ್ ಡಿಂಗಿ. ಡಿಂಗಿ ಅಂದರೆ ಇಂಜಿನ್ ಇಲ್ಲದ, ಡೆಕ್ಕಿನ ಕೆಳಗೆ ಕೋಣೆಗೀಣೆ ಏನೂ ಇಲ್ಲದ ಸಣ್ಣ ಹಾಯಿದೋಣಿ. ಜ್ಯಾಕ್ ಹೋಲ್ಟ್ ಎಂಬ ವಿನ್ಯಾಸಕ 1956ರಲ್ಲಿ ಇದನ್ನು ರೂಪಿಸಿದ. ಉದ್ದ 13 ಅಡಿ 3 ಅಂಗುಲ, ಇಬ್ಬರು ಕೂರುವಂಥದ್ದು. ದೊಡ್ಡದೊಂದು, ಸಣ್ಣದೊಂದು, ಒಟ್ಟು ಎರಡು ಹಾಯಿ, ಬಣ್ಣ ನೀಲಿ. ಕೆರೆಯ ಆ ದಡದಿಂದಲೇ ಗುರುತು ಹಿಡಿಯಬಹುದು. 20,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿರುವುದರಿಂದ ಹಳೆಯವು ಕಡಿಮೆ ದುಡ್ಡಿಗೇ ಸಿಗುತ್ತವೆ.

ನಮ್ಮ ಕಡೆಗೂ ಇದು ಹೊಸತಲ್ಲ. 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಹಾಯಿದೋಣಿ ಸ್ಪರ್ಧೆ ಮುಂಬೈಯಲ್ಲಿ ನಡೆದಾಗ ಎಂಟರ್‌ಪ್ರೈಸ್ ವಿಭಾಗದ ಚಿನ್ನ ಗೆದ್ದವರು ಪಾಕಿಸ್ತಾನದ ಗಂಡ-ಹೆಂಡತಿ ಬೈರಾಮ್ ಮತ್ತು ಗೋಶ್ಪಿ ಅವಾರಿ. ಈ ಕಥೆ ಹೇಳಿದಾಗ ಅಪ್ಪಯ್ಯ, ‘ಹೆಂಡ್ತಿನೂ ದೋಣಿಯಂಗಿದ್ಲಾ?’ ಅಂತ ಎರಡು ಸಲ ಕೇಳಿದರು.

ಟ್ರಾಲಿ ಸಮೇತ 250 ಪೌಂಡಿಗೆ ವ್ಯವಹಾರ ಕುದುರಿತು. ಮೂರು ವರ್ಷದ ಹಿಂದೆ ಮಗನ ಜೊತೆ ಸೈಲಿಂಗಿನ ಮೊದಲ ಎರಡು ಹಂತದ ಕೋರ್ಸ್ ಮುಗಿಸಿದ್ದೆ. ಆ ಧೈರ್ಯ ಬೆನ್ನಿಗಿತ್ತು. ಅಪ್ಪಯ್ಯನ ವಾಪಸ್ ಟಿಕೆಟ್ ಇದ್ದದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟರೊಳಗೆ ದೋಣಿ ನೀರಿಗಿಳಿಯಬೇಕು.

ಹಲಸಿನಕಾಯಿ ಬಡಿದು ನೋಡಿದ ಹಾಗೆ

ನಮ್ಮದು ಫೈಬರ್ ಗ್ಲಾಸಿನ ಒಡಲು, ಮೇಲೆ ಪ್ಲೈವುಡ್ಡಿನ ಡೆಕ್ಕು ಇದ್ದ ದೋಣಿ. ಒಡಲಿಗೆ ಗೀರು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಡೆಕ್ಕಿನದ್ದೇ ಕಥೆ. ನಾನು ಮೊಬೈಲಿನಲ್ಲಿ ವಿಡಿಯೋ ಹುಡುಕುತ್ತಾ ನಿಂತಿದ್ದರೆ ಅಪ್ಪಯ್ಯ ಮುಂಭಾಗದಿಂದ ಹಿಂಭಾಗದವರೆಗೆ ಬೆರಳ ಗೆಣ್ಣಿನಲ್ಲಿ ಬಡಿಯುತ್ತಾ ಹೋದರು, ಹಲಸಿನಕಾಯಿ ಬಡಿದು ನೋಡುವ ಹಾಗೆ. ಗಟ್ಟಿ ಮರ ‘ಟಕ್’ ಅನ್ನುತ್ತದೆ, ಕೊಳೆತದ್ದು ‘ದಪ್’ ಅನ್ನುತ್ತದೆ. ಸಂಶಯ ಬಂದಲ್ಲೆಲ್ಲ ನಾನು ಸ್ಕ್ರೂಡ್ರೈವರ್ ಚುಚ್ಚಿದೆ. ಮೂತಿಯ ಹತ್ತಿರ ಒಂದು ಗೇಣು, ಕೂವೆಮರವನ್ನು ಬಿಗಿಯುವ ತಂತಿ ಬಂದು ಸೇರುವ ಎಡಭಾಗದಲ್ಲಿ ಅರ್ಧ ಗೇಣು, ಒದ್ದೆ ರಸ್ಕಿನ ಹಾಗೆ ಒಳಗಿಳಿಯಿತು.

ಎರಡನೆಯ ಜಾಗವೇ ಅಪಾಯದ್ದು. ಗಾಳಿ ಹಾಯಿಗೆ ಬಡಿದಾಗ ಅದರ ಎಳೆತವೆಲ್ಲ ಆ ತಂತಿಯ ಬುಡಕ್ಕೆ ಬೀಳುತ್ತದೆ. ಬುಡ ಕಿತ್ತು ಬಂದರೆ ಕೂವೆಮರ ತಲೆ ಮೇಲೆ!

ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಮೂರು ವಾರ ಗ್ಯಾರೇಜಿನಲ್ಲಿ ಒಣಗಲು ಬಿಟ್ಟೆವು. ಹಸಿ ಮರದ ಮೇಲೆ ಅಂಟು ಹಾಕಿದರೆ ಹುಣ್ಣಿನ ಮೇಲೆ ಪ್ಲಾಸ್ಟರ್ ಹಚ್ಚಿದ ಹಾಗೆ, ಒಳಗೊಳಗೇ ಕೀವು. ಆಮೇಲೆ 4 ಮಿಲಿಮೀಟರಿನ ಮೆರೈನ್ ಪ್ಲೈವುಡ್ ತಂದು, ತೇಪೆಯ ಅಂಚನ್ನೂ ಹಳೆ ಡೆಕ್ಕಿನ ಅಂಚನ್ನೂ ಓರೆಯಾಗಿ ಸವರಿ, ಒಂದರ ಮೇಲೊಂದು ಕೂರುವಂತೆ ಮಾಡಿದೆವು. ನೇರ ಅಂಚಿಗಿಂತ ಓರೆ ಅಂಚಿನಲ್ಲಿ ಅಂಟಿಗೆ ಹಿಡಿಯಲು ಜಾಗ ಜಾಸ್ತಿ.

ಹೂರಣದ ಹದ

ಇಲ್ಲಿ ಮರ ಕೂಡಿಸುವುದು ಎಪಾಕ್ಸಿಯಲ್ಲಿ. ಎರಡು ಡಬ್ಬಿ, ಒಂದು ರೆಸಿನ್, ಇನ್ನೊಂದು ಹಾರ್ಡನರ್. ನಾನು ತಂದದ್ದಕ್ಕೆ 5 ಭಾಗಕ್ಕೆ 1 ಭಾಗ. ಅಂದಾಜಿನ ಆಟ ಇಲ್ಲಿ ನಡೆಯಲ್ಲ, ಅಳೆದೇ ಹಾಕಬೇಕು. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಸುರಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ತೆಳ್ಳಗಿನ ಎಪಾಕ್ಸಿಯನ್ನು ಮರ ಕುಡಿಯುವಷ್ಟು ಬಳಿದು, ಆಮೇಲೆ ಫಿಲ್ಲರ್ ಪುಡಿ ಸೇರಿಸಿ ಮಂದ ಮಾಡಿ ಮೆತ್ತಬೇಕು. ಹದ ಯಾವುದು ಅಂತ ಅಪ್ಪಯ್ಯ ಕೇಳಿದಾಗ, ‘ಹೋಳಿಗೆ ಹೂರಣ’ ಅಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ಅವರ ಕಾಲದಲ್ಲಿ ಹಲಗೆಗೆ ಹಲಗೆ ಇಟ್ಟು ತೆಂಗಿನ ನಾರಿನ ಹುರಿಯಲ್ಲಿ ಹೊಲಿದ ದೋಣಿಗಳಿದ್ದವಂತೆ. ಮೀನೆಣ್ಣೆ, ಗೇರೆಣ್ಣೆ ಬಳಿಯುತ್ತಿದ್ದರಂತೆ. ಉಜ್ಜುಕಾಗದ ತಿಕ್ಕುತ್ತಾ ಇದನ್ನೆಲ್ಲ ಹೇಳತೊಡಗಿದರು. ಅಮ್ಮನ ವಿಷಯವೂ ನಡುನಡುವೆ ಬರುತ್ತಿತ್ತು. ಎದುರುಬದುರು ಕೂತಾಗ ಬಾರದ ಮಾತು, ಇಬ್ಬರೂ ದೋಣಿಯತ್ತ ಮುಖ ಮಾಡಿ ಕೆಲಸ ಮಾಡುವಾಗ ತಾನಾಗಿ ಬರುತ್ತಿತ್ತು.

ಒಂದು ಮಾತು: ಎಪಾಕ್ಸಿ ಕೆಲಸಕ್ಕೆ ಕೈಗವಸು, ಉಜ್ಜುವಾಗ ಮಾಸ್ಕ್ ಬೇಕೇ ಬೇಕು. ‘ನಂಗೆಂತ ಆತಿಲ್ಲ’ ಅಂತ ಬರಿಗೈಯಲ್ಲಿ ಮುಟ್ಟಿ ಅಪ್ಪಯ್ಯ ವಾರವಿಡೀ ತುರಿಸಿಕೊಂಡರು.

ಕೂವೆ, ಹಗ್ಗ, ಹಾಯಿ

ಜುಲೈಯಲ್ಲಿ ವಾರ್ನಿಶ್ ಒಣಗಿತು. ಇನ್ನು ರಿಗ್ಗಿಂಗ್, ಅಂದರೆ ಕೂವೆಮರ ನಿಲ್ಲಿಸಿ ತಂತಿ-ಹಗ್ಗ-ಹಾಯಿ ಕಟ್ಟುವ ಕೆಲಸ. ಅಲ್ಯೂಮಿನಿಯಂ ಕೂವೆಮರ ನೆಟ್ಟಗಿತ್ತು. ಸ್ಟೀಲ್ ತಂತಿಗಳ ಮೇಲೆ ಹತ್ತಿಬಟ್ಟೆ ಸುತ್ತಿ ಎಳೆದು ನೋಡಿದೆ. ಒಂದು ಕಡೆ ನೂಲು ಸಿಕ್ಕಿಕೊಂಡಿತು. ಅಲ್ಲೊಂದು ಎಳೆ ತುಂಡಾಗಿದೆ ಎಂದರ್ಥ. ಒಂದು ತುಂಡಾದರೆ ಉಳಿದವೂ ಅದೇ ವಯಸ್ಸಿನವು ತಾನೇ? ಮೂರೂ ತಂತಿ ಹೊಸದು ಹಾಕಿಸಿದೆ.

ರೇಸಿನ ದೋಣಿಯಲ್ಲಿ ಹಗ್ಗಗಳ ಜಾತ್ರೆ. ಹಾಯಿಯ ಹೊಟ್ಟೆ ಹಿಗ್ಗಿಸಲು ಒಂದು, ಕುಗ್ಗಿಸಲು ಒಂದು, ಕೂವೆ ಬಗ್ಗಿಸಲು ಇನ್ನೊಂದು. ಸೆಕೆಂಡು ಲೆಕ್ಕ ಹಾಕುವವರಿಗೆ ಅದು ಬೇಕು. ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಹೋಗುವ ನಮಗೆ ಯಾಕೆ? ಹಾಯಿ ಏರಿಸುವ ಎರಡು, ಹಾಯಿ ಹಿಡಿಯುವ ಹಗ್ಗಗಳು, ಬೂಮ್ ಮೇಲೇಳದಂತೆ ಕೆಳಗೆಳೆಯುವ ಒಂದು, ಇಷ್ಟನ್ನೇ ಉಳಿಸಿಕೊಂಡು ಬಾಕಿ ಕಿತ್ತುಹಾಕಿದೆ.

ಬದಲಿಗೆ ಎರಡು ಸೇರಿಸಿದೆ. ಹಾಯಿ ಹೊಲಿಯುವವರ ಬಳಿ ಹೋಗಿ ದೊಡ್ಡ ಹಾಯಿಯ ಕೆಳಭಾಗದಲ್ಲಿ ಒಂದು ಸಾಲು ಕಣ್ಣು ಹಾಕಿಸಿದೆ. ಗಾಳಿ ಜಾಸ್ತಿಯಾದರೆ ಹಾಯಿಯನ್ನು ಸ್ವಲ್ಪ ಇಳಿಸಿ, ಕೆಳಗಿನದ್ದನ್ನು ಸೀರೆ ಎತ್ತಿ ಕಟ್ಟಿದ ಹಾಗೆ ಬೂಮಿಗೆ ಕಟ್ಟಿಬಿಡಬಹುದು. ಎರಡನೆಯದು ಕೂವೆಮರದ ತುದಿಗೆ ಕಟ್ಟುವ ತೇಲುಬುಂಡೆ. ದೋಣಿ ಮಗುಚಿದರೂ ಪೂರ್ತಿ ತಲೆಕೆಳಗಾಗದಂತೆ ಅದು ತಡೆಯುತ್ತದೆ.

ದೋಣಿಯ ಎರಡೂ ಪಕ್ಕಕ್ಕೆ ಗಾಳಿ ತುಂಬಿದ ಮುಚ್ಚಿದ ಟ್ಯಾಂಕುಗಳಿರುತ್ತವೆ. ಮಗುಚಿದಾಗ ದೋಣಿಯನ್ನು ತೇಲಿಸುವುದು ಅವೇ. ಅವಕ್ಕೊಂದು ದುಂಡನೆಯ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ರಿಂಗು. ಎಡಗಡೆಯ ರಿಂಗನ್ನು ಉಗುರಲ್ಲಿ ಒತ್ತಿ ನೋಡಿದ ಅಪ್ಪಯ್ಯ, ‘ಈ ರಬ್ಬರ್ ಸತ್ತ್ ಹೋಯಿತ್. ಬದಲ್ಸ್’ ಅಂದರು. ‘ಮುಂದಿನ ವಾರ ತರಿಸ್ತೇನೆ ಅಪ್ಪಯ್ಯ, ಈ ಶನಿವಾರ ಒಮ್ಮೆ ಇಳಿಸಿ ನೋಡುವ’ ಅಂದೆ. ಅವರು ಸುಮ್ಮನಾದರು.

ಆ ಶನಿವಾರ

ಆಗಸ್ಟ್ ಮೊದಲ ವಾರ, ಕಾರ್ಸಿಂಗ್ಟನ್ ಜಲಾಶಯ. ನಾನು ಮತ್ತು 15 ವರ್ಷದ ಮಗ ದೋಣಿಯಲ್ಲಿ, ಅಪ್ಪಯ್ಯ ಮತ್ತು ಯಜಮಾನ್ರು ದಡದಲ್ಲಿ. ನೀಲಿ ಹಾಯಿ ಉಬ್ಬಿ ದೋಣಿ ಮುಂದಕ್ಕೆ ಜಾರಿದಾಗ ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತು ನಿಮಿಷ ಎಲ್ಲ ಚೆನ್ನಾಗಿಯೇ ಇತ್ತು. ಬೆನ್ನ ಹಿಂದಿನ ಗಾಳಿಯಲ್ಲಿ ತಿರುಗುವಾಗ ಬೂಮ್ ರಪ್ಪನೆ ಈ ಕಡೆಯಿಂದ ಆ ಕಡೆಗೆ ಬೀಸಿತು, ನಾನು ಜಾಗ ಬದಲಿಸುವುದು ತಡವಾಯಿತು, ದೋಣಿ ಮಗುಚಿತು.

ಮಗುಚುವುದು ಡಿಂಗಿಯಲ್ಲಿ ದೊಡ್ಡ ವಿಷಯವಲ್ಲ, ಕೋರ್ಸಿನಲ್ಲೇ ಕಲಿಸುತ್ತಾರೆ. ಅಡಿಯಿಂದ ಹೊರಚಾಚಿದ ಸೆಂಟರ್‌ಬೋರ್ಡಿನ ಮೇಲೆ ನಿಂತು ಹಗ್ಗ ಹಿಡಿದು ಹಿಂದಕ್ಕೆ ವಾಲಿದೆ. ದೋಣಿ ಎದ್ದಿತು. ಆದರೆ ಎಡಕ್ಕೆ ವಾಲಿಕೊಂಡೇ ನಿಂತು, ಮತ್ತೆ ಮಗುಚಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಮೇಲೇಳಲೇ ಇಲ್ಲ. ಎಡಗಡೆ ಟ್ಯಾಂಕಿಗೆ ನೀರು ತುಂಬಿತ್ತು. ಮಗನ ತುಟಿ ನೀಲಿಯಾಗಿತ್ತು. ಇಬ್ಬರೂ ಬಾಯೆನ್ಸಿ ಜಾಕೆಟ್ ಹಾಕಿದ್ದೆವು, ಹಾಗಾಗಿ ತೇಲುತ್ತಿದ್ದೆವು ಅಷ್ಟೇ. ರಕ್ಷಣಾ ಬೋಟು ಬಂದು ನಮ್ಮನ್ನೆಳೆದುಕೊಂಡು, ದೋಣಿಯನ್ನೂ ದಡಕ್ಕೆ ತಂದಿತು.

ಅಲ್ಲಿ ಅಪ್ಪಯ್ಯ ಸೊಂಟದುದ್ದ ನೀರಿನಲ್ಲಿ ನಿಂತಿದ್ದರು. ಸ್ವೆಟರ್, ಕನ್ನಡಕ, ಶೂ ಎಲ್ಲ ಹಾಕಿಕೊಂಡೇ. ಯಜಮಾನ್ರು ಅವರ ರಟ್ಟೆ ಹಿಡಿದುಕೊಂಡಿದ್ದರು. ನನಗೊಂದು ಮಾತು ಬೈಯಲಿಲ್ಲ. ಮೊಮ್ಮಗನ ತಲೆ ಒರೆಸಿದರು, ಕಾರಿನಲ್ಲಿ ಕೂತರು.

ಎರಡು ದಿನ ಮತ್ತೆ ಅದೇ ಕಿಟಕಿ, ಅದೇ ಮೌನ. ಮೂರನೇ ದಿನ ರಾತ್ರಿ ಅಡುಗೆಮನೆಗೆ ಬಂದು ಹೇಳಿದರು. ಅವರ ಜೊತೆಗಾರನೊಬ್ಬ ಅಳಿವೆಯಲ್ಲಿ ಹೋದದ್ದು ದೊಡ್ಡ ತೆರೆಗಲ್ಲವಂತೆ. ಹಲಗೆಯ ಸಂದಿನಲ್ಲಿ ನೀರು ಜಿನುಗುತ್ತಿದ್ದುದು ಹಿಂದಿನ ದಿನವೇ ಇಬ್ಬರಿಗೂ ಗೊತ್ತಿತ್ತಂತೆ. ‘ನಾಳೆ ಮಾಡುವ’ ಅಂದದ್ದು ಅಪ್ಪಯ್ಯನೇ ಅಂತೆ. ಆ ವರ್ಷವೇ ನಾನು ಹುಟ್ಟಿದ್ದು. ನನ್ನನ್ನು ಯಾಕೆ ದೋಣಿ ಹತ್ತಗೊಡಲಿಲ್ಲ ಅಂತ ನಲವತ್ತೆಂಟನೇ ವಯಸ್ಸಿಗೆ ನನಗೆ ಗೊತ್ತಾಯಿತು.

ಸೋಪಿನ ಗುಳ್ಳೆ

ಮರುದಿನ ರಬ್ಬರ್ ರಿಂಗುಗಳನ್ನು ತರಿಸಿದೆ, ಎರಡೂ ಕಡೆಗೆ. ಆಮೇಲೆ ಸೈಕಲ್ ಶಾಪಿನವನು ಪಂಕ್ಚರ್ ಹುಡುಕುವ ವಿದ್ಯೆಯನ್ನೇ ಮಾಡಿದೆವು. ಟ್ಯಾಂಕಿನ ನೀರು ಬಸಿಯುವ ತೂತಿಗೆ ಪೈಪು ಸಿಕ್ಕಿಸಿ, ಕಾಲುಪಂಪಿನಿಂದ ತೀರಾ ಮೆಲ್ಲಗೆ ಗಾಳಿ ಕೊಟ್ಟು, ಕೂಡಿಕೆಗಳಿಗೆಲ್ಲ ಸೋಪಿನ ನೀರು ಬಳಿದೆವು. ಒತ್ತಡ ಜಾಸ್ತಿ ಕೊಟ್ಟರೆ ಟ್ಯಾಂಕಿನ ಕೂಡಿಕೆಯೇ ಬಿಟ್ಟುಹೋಗುತ್ತದೆ, ಹುಷಾರು. ಮುಚ್ಚಳದ ಚೌಕಟ್ಟಿನ ಎರಡು ಸ್ಕ್ರೂಗಳ ಸುತ್ತ, ಟ್ಯಾಂಕು ತಳಕ್ಕೆ ಸೇರುವ ಒಂದು ಮೂಲೆಯಲ್ಲಿ ಗುಳ್ಳೆ ಎದ್ದವು. ಅಂದರೆ ರಬ್ಬರ್ ಒಂದೇ ಅಲ್ಲ, ಮೂರು ಕಡೆ ಸೋರುತ್ತಿತ್ತು! ಸೀಲಂಟ್ ತುಂಬಿ, ಒಣಗಿಸಿ, ಗುಳ್ಳೆ ಏಳದವರೆಗೆ ಮತ್ತೆ ಮತ್ತೆ ನೋಡಿದೆವು.

ಕೊನೆಗೆ ದಡದ ಹತ್ತಿರ, ಸೊಂಟದುದ್ದ ನೀರಿನಲ್ಲಿ, ನಾವೇ ಬೇಕೆಂದು ದೋಣಿಯನ್ನು ಒಂದೊಂದು ಮಗ್ಗುಲಿಗೂ ಮಲಗಿಸಿ ಅರ್ಧ ಗಂಟೆ ಬಿಟ್ಟೆವು. ಮುಚ್ಚಳ ತೆಗೆದು ಅಪ್ಪಯ್ಯ ಒಳಗೆ ಕೈಯಾಡಿಸಿದರು. ಒಣಗಿತ್ತು.

ಸೆಪ್ಟೆಂಬರಿನ ಎರಡನೇ ಭಾನುವಾರ, ಎಲೆ ಅಲುಗುವಷ್ಟೇ ಗಾಳಿ. ಅಪ್ಪಯ್ಯನಿಗೆ ಜಾಕೆಟ್ ಬಿಗಿದು ದೋಣಿಗೆ ಹತ್ತಿಸಿದೆ. ಅವರೇ ಹಿಂದೆ ಕೂರುತ್ತಾರೆ ಅಂದುಕೊಂಡಿದ್ದೆ. ಅವರು ಮುಂದೆ ಹೋಗಿ ಕೂತು ಸಣ್ಣ ಹಾಯಿಯ ಹಗ್ಗ ಕೈಗೆ ತೆಗೆದುಕೊಂಡರು. ‘ಚುಕ್ಕಾಣಿ ನೀನೇ ಹಿಡ್ಕೋ. ನಾನ್ ಹಗ್ಗ ಕಾಂತೆ’ ಅಂದರು. ಒಂದೂವರೆ ಗಂಟೆ ಸುತ್ತಿದೆವು. ನಾನು ತಿರುಗಿಸುವ ಮೊದಲೇ ಅವರ ಕೈಯಲ್ಲಿ ಹಗ್ಗ ಸಡಿಲವಾಗುತ್ತಿತ್ತು.

ಹಳೇ ದೋಣಿ ಕೊಳ್ಳುವವರಿಗೆ

• ಬಣ್ಣ ನೋಡಬೇಡಿ, ಬಡಿದು ನೋಡಿ. ತಂತಿ ಸೇರುವ ಬುಡ, ಸೆಂಟರ್‌ಬೋರ್ಡಿನ ಬೋಲ್ಟು, ಚುಕ್ಕಾಣಿಯ ಕೊಂಡಿ, ಇವು ಮೊದಲು.

• ಕಾಲು ಸಿಕ್ಕಿಸಿ ಹೊರಕ್ಕೆ ವಾಲಲು ಇರುವ ಪಟ್ಟಿಯ ಹೊಲಿಗೆ ಪರೀಕ್ಷಿಸಿ. ಅದು ಹರಿದರೆ ನೀವು ಹಿಮ್ಮುಖವಾಗಿ ನೀರಿಗೆ.

• ಕೂವೆಮರ ಎತ್ತುವ ಮೊದಲು ತಲೆ ಮೇಲೆ ಕರೆಂಟಿನ ತಂತಿ ಇದೆಯೇ ನೋಡಿ.

• ದೋಣಿಯ ಮೂತಿ ಗಾಳಿಗೆದುರಾಗಿ ಇಟ್ಟುಕೊಂಡೇ ಹಾಯಿ ಏರಿಸಿ.

• ಟ್ಯಾಂಕಿನ ಬಿರಡೆ, ಮುಚ್ಚಳ ಪ್ರತಿ ಸಲವೂ ಕೈಯಲ್ಲಿ ಮುಟ್ಟಿ ನೋಡಿ.

• ದೋಣಿಯ ಬೆಲೆಗಿಂತ ರಿಪೇರಿ ಹೆಚ್ಚು. ನನಗೆ ಮೇಲೆ ಸುಮಾರು 400 ಪೌಂಡ್ ಬಿತ್ತು.

ದೋಣಿ ಈಗ ಹೊಸ ಟಾರ್ಪಾಲಿನ ಕೆಳಗೆ, ಮುಚ್ಚಳಗಳನ್ನು ಗಾಳಿಯಾಡಲು ತೆರೆದಿಟ್ಟು, ಚಳಿಗಾಲ ಕಳೆಯುತ್ತಿದೆ. ಪ್ರತಿ ಭಾನುವಾರ ಗಂಗೊಳ್ಳಿಯಿಂದ ಫೋನ್ ಬರುತ್ತದೆ. ಉಂಡೆಯಾ, ಮಕ್ಕಳು ಹೇಗಿದ್ದಾರೆ ಎಲ್ಲ ಆಮೇಲೆ. ಮೊದಲ ಪ್ರಶ್ನೆ ಒಂದೇ: ‘ದೋಣಿಯೊಳ್ಗೆ ನೀರಿತ್ತಾ?’

‘ಇಲ್ಲ ಅಪ್ಪಯ್ಯ, ಈಗಷ್ಟೇ ನೋಡಿ ಬಂದೆ’ ಅನ್ನುತ್ತೇನೆ. ಸುಳ್ಳಲ್ಲ. ಫೋನ್ ಬರುವ ಹೊತ್ತಿಗೆ ಮುಂಚೆ ನಿಜವಾಗಿಯೂ ಹೋಗಿ ಕೈಯಾಡಿಸಿ ನೋಡಿ ಬಂದಿರುತ್ತೇನೆ.