ಮನಿಪ್ಲಾಂಟಿಗೆ ಬೈಗುಳ, ಸೈಕಸ್‌ಗೆ ಸ್ವಾಗತ

ಹೈದರಾಬಾದಿನ ಕೊಂಡಾಪುರ, ಮಿಯಾಪುರಗಳ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ನಾಯಿಮರಿಯನ್ನೋ ಬೆಕ್ಕನ್ನೋ ತಂದವರ ಮೊಬೈಲಿಗೆ ಬೇಗನೆ ಒಂದು ಪಟ್ಟಿ ಬಂದು ಬೀಳುತ್ತದೆ: ಈ ಗಿಡಗಳು ವಿಷ, ಕೂಡಲೇ ಹೊರಗೆ ಹಾಕಿ. ಪಟ್ಟಿಯ ತಲೆಯಲ್ಲೇ ಮನಿಪ್ಲಾಂಟ್. ಪಟ್ಟಿ ಸುಳ್ಳಲ್ಲ. ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ಕೂಡ ಮನಿಪ್ಲಾಂಟನ್ನು ವಿಷಕಾರಿ ಎಂದೇ ನಮೂದಿಸಿದೆ, ಲಿಲಿಯನ್ನೂ ಹಾಗೆಯೇ. ಒಂದು ಬಾಯಿ ಉರಿಸುತ್ತದೆ, ಇನ್ನೊಂದು ಪ್ರಾಣ ತೆಗೆಯುತ್ತದೆ, ಎರಡಕ್ಕೂ ಹಣೆಪಟ್ಟಿ ಒಂದೇ. ಗಿಡ ವಿಷವೋ ಅಲ್ಲವೋ ಎಂದಷ್ಟೇ ಕೇಳಿದರೆ ಸಾಲದು. ಯಾವ ಪ್ರಾಣಿಗೆ, ಗಿಡದ ಯಾವ ಭಾಗದಿಂದ, ಎಂಥ ಕೇಡು ಎಂದು ಕೇಳಬೇಕು. ಹಾಗೆ ಕೇಳಿದರೆ ನಾವು ಹೆದರಿ ಎಸೆಯುವ ಗಿಡಗಳಲ್ಲಿ ಅನೇಕವು ಉಳಿದುಕೊಳ್ಳುತ್ತವೆ, ಅಕ್ಕರೆಯಿಂದ ಸಾಕಿಕೊಂಡವು ಕೆಲವು ಹೊರಡಬೇಕಾಗುತ್ತದೆ.

ಮನಿಪ್ಲಾಂಟ್, ಮಾನ್‌ಸ್ಟೆರಾ, ಸಿಂಗೋನಿಯಂ, ಡೀಫೆನ್‌ಬೇಕಿಯಾ, ಪೀಸ್ ಲಿಲಿ ಇವೆಲ್ಲ ಕೆಸುವಿನ ಕುಲದವು. ಹುಳಿ ಸಾಲದ ಪತ್ರೊಡೆ ತಿಂದವರಿಗೆ ಈ ಕುಲದ ಗುಣ ಗೊತ್ತು. ಎಲೆಯೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಬಾಯಿ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ನಾಯಿ ಜೊಲ್ಲು ಸುರಿಸುತ್ತದೆ, ಬಾಯಿ ಉಜ್ಜಿಕೊಳ್ಳುತ್ತದೆ, ಒಮ್ಮೊಮ್ಮೆ ವಾಂತಿ ಮಾಡುತ್ತದೆ. ಉರಿ ಮೊದಲ ಕಚ್ಚಿಗೇ ಹತ್ತುವುದರಿಂದ ಹೆಚ್ಚು ತಿನ್ನುವುದೇ ಅಪರೂಪ. ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಶೋಭೆಗೆಂದು ನಿಲ್ಲಿಸುವ ಸೈಕಸ್, ಅಂದರೆ ಸಾಗೋ ಪಾಮ್, ಹೀಗಲ್ಲ. ಹೆಸರಿನಲ್ಲಿ ಪಾಮ್ ಇದ್ದರೂ ಅದು ತಾಳೆಯ ಜಾತಿಯೇ ಅಲ್ಲ. ಅದರಲ್ಲಿರುವ ಸೈಕಾಸಿನ್ ನಾಯಿಯ ಯಕೃತ್ತನ್ನು ಹಾಳುಮಾಡುತ್ತದೆ. ಬೀಜದಲ್ಲಂತೂ ವಿಷ ಇನ್ನೂ ಹೆಚ್ಚು. ಚಿಕಿತ್ಸೆ ಸಿಕ್ಕರೂ ಎಲ್ಲ ನಾಯಿಗಳೂ ಬದುಕುವುದಿಲ್ಲ. ಬೆಕ್ಕಿಗೆ ಇದೇ ತೂಕದ ಅಪಾಯ ನಿಜವಾದ ಲಿಲಿಯದು, ಪೀಸ್ ಲಿಲಿಯದಲ್ಲ. ಗುಡಿಮಲ್ಕಾಪುರದ ಹೂಮಾರುಕಟ್ಟೆಯಿಂದಲೋ ಬೊಕೆ ಅಂಗಡಿಯಿಂದಲೋ ಮನೆಗೆ ಬರುವ ಲಿಲಿಯ ಪರಾಗ ಮೈಮೇಲೆ ಬಿದ್ದು ಬೆಕ್ಕು ಅದನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ, ಒಂದೆರಡು ದಿನಗಳಲ್ಲಿ ಮೂತ್ರಪಿಂಡ ಕೈಕೊಡಬಹುದು. ಇದಕ್ಕೆ ಕಾರಣವಾದ ವಸ್ತು ಯಾವುದೆಂದು ವಿಜ್ಞಾನಿಗಳು ಇನ್ನೂ ಗುರುತಿಸಿಲ್ಲ.

ವಿದೇಶಿ ಪಟ್ಟಿಗಳನ್ನು ನೆಚ್ಚಿಕೊಳ್ಳುವುದರಲ್ಲಿ ಇನ್ನೊಂದು ತೊಡಕಿದೆ: ಅಪಾಯ ನಮ್ಮ ಮನೆಗಳಿಗೆ ಬರುವ ದಾರಿಗಳು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಗಣೇಶನ ಹಬ್ಬಕ್ಕೆ ಕಟ್ಟುಕಟ್ಟಾಗಿ ಮಾರುವ ಇಪ್ಪತ್ತೊಂದು ಪತ್ರೆಗಳಲ್ಲಿ ಕಣಗಿಲೆ, ಎಕ್ಕ, ಉಮ್ಮತ್ತಿ ಮೂರೂ ಸೇರಿವೆ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಎಲೆ ಒಣಗಿದರೂ ವಿಷ ಇಳಿಯುವುದಿಲ್ಲ. ಹೈದರಾಬಾದಿನ ಬಿಸಿಲನ್ನು ತಡೆದುಕೊಳ್ಳುತ್ತದೆಂದು ತಾರಸಿಯಲ್ಲಿ ಬೆಳೆಸುವ ಅಡೇನಿಯಂ ಕೂಡ ಅದೇ ಕುಟುಂಬದ್ದು, ಅದೇ ಗುಣದ್ದು. ನನ್ನ ಲೆಕ್ಕದಲ್ಲಿ ಗಿಡಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕುಂಡದ ಮಣ್ಣಿಗೆ ಬೆರೆಸುವ ಹರಳು ಹಿಂಡಿಯ ಬಗ್ಗೆ. ಹರಳು ಬೀಜದಿಂದ ಎಣ್ಣೆ ತೆಗೆದ ಮೇಲೆ ರೈಸಿನ್ ಎಂಬ ಉಗ್ರ ವಿಷ ಎಣ್ಣೆಯಲ್ಲಿ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ತೆಲಂಗಾಣ ಹರಳು ಬೆಳೆಯುವ ಸೀಮೆ. ಹರಳು ಹಿಂಡಿ ಸಾವಯವ ಗೊಬ್ಬರವಾಗಿ ಸಲೀಸಾಗಿ ಸಿಗುತ್ತದೆ. ಅದರ ಜೊತೆ ಎಲುಬಿನ ಪುಡಿ ಬೆರೆಸಿದರೆ ವಾಸನೆಗೆ ನಾಯಿ ಮಣ್ಣನ್ನೇ ಬಗೆದು ತಿನ್ನುತ್ತದೆ. ಸಾವಯವ ಎಂದಮಾತ್ರಕ್ಕೆ ನಿರಪಾಯ ಎಂದು ನಂಬುವವರು ಇದನ್ನೊಮ್ಮೆ ಯೋಚಿಸಬೇಕು.

ತಿನ್ನಬಾರದ್ದು ಪ್ರಾಣಿಗೆ ತಾನಾಗಿಯೇ ತಿಳಿಯುತ್ತದಲ್ಲ ಎನ್ನುವವರಿದ್ದಾರೆ. ಆದರೆ ನಾಯಿಮರಿ ಹಲ್ಲು ಮೂಡುವಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಬೆಕ್ಕಿನ ಮಟ್ಟಿಗೆ ಗಿಡ ತಿನ್ನುವುದು ಹುಟ್ಟುಗುಣವೇ ಎನ್ನುತ್ತದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಸಾವಿರಕ್ಕೂ ಹೆಚ್ಚು ಸಾಕಣೆದಾರರನ್ನು ಕೇಳಿ ನಡೆಸಿದ ಸಮೀಕ್ಷೆ; ಹೊಟ್ಟೆ ಕೆಟ್ಟಾಗ ಮಾತ್ರ ತಿನ್ನುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ಗೋಧಿ ಚೆಲ್ಲಿ ಮೊಳೆಸಿದ ಒಂದು ತಟ್ಟೆ ಹುಲ್ಲು ಇಟ್ಟರೆ ಆ ಆಸೆಗೊಂದು ದಾರಿಯಾಗುತ್ತದೆ. ಎತ್ತರದಲ್ಲಿ ತೂಗುಹಾಕಿದರಾಯಿತು ಎಂಬ ಉಪಾಯ ನಾಯಿಗೆ ನಡೆಯುತ್ತದೆ, ಬೆಕ್ಕಿಗೆ ನಗು ಬರಬೇಕು. ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದೆ, ಅದಕ್ಕಾಗಿ ಸ್ವಲ್ಪ ಅಪಾಯ ಸಹಿಸಬಹುದು ಎನ್ನುವವರು ನೆಚ್ಚುವುದು 1989ರ ನಾಸಾ ವರದಿಯನ್ನು. ಆ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಗೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದು ಲೆಕ್ಕ ಹಾಕಿದರು. ಹಾಗಾಗಿ ಮನೆಯೊಳಗೆ ಗಿಡ ಇಡುವುದು ಕಣ್ಣಿಗೆ ಚೆಂದ ಎಂಬ ಒಂದೇ ಕಾರಣಕ್ಕೆ. ಅದು ಸಣ್ಣ ಕಾರಣವೇನಲ್ಲ, ಆದರೆ ಆ ಚೆಂದ ನಿರಪಾಯದ ಗಿಡಗಳಲ್ಲೂ ಧಾರಾಳವಾಗಿದೆ: ಅರೇಕಾ ಪಾಮ್, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್, ಕಲಾಥಿಯಾ, ಪೆಪರೋಮಿಯಾ. ನರ್ಸರಿಯಲ್ಲಿ ಬರೀ ಪಾಮ್ ಕೊಡಿ ಎಂದರೆ ಸೈಕಸ್ ಕೈಗೆ ಬರಬಹುದು, ಅರೇಕಾ ಎಂದೇ ಕೇಳಬೇಕು. ಮನಿಪ್ಲಾಂಟ್ ಇಷ್ಟಪಡುವವರು ಬಳ್ಳಿ ನೆಲಕ್ಕೆ ಇಳಿಬೀಳದಂತೆ ಕತ್ತರಿಸುತ್ತಿದ್ದರೆ ನಾಯಿಯ ಮನೆಯಲ್ಲೂ ಇಟ್ಟುಕೊಳ್ಳಬಹುದು.

ಇಷ್ಟಾಗಿಯೂ ಎಲೆ ಜಗಿದದ್ದು ಕಂಡರೆ ಮೊದಲು ಅದು ಯಾವ ಗಿಡ ಎಂದು ನೋಡಬೇಕು. ಮನಿಪ್ಲಾಂಟ್ ಆದರೆ ಬಾಯಿ ತೊಳೆದು ಒಂದಿಷ್ಟು ಮೊಸರು ಕೊಟ್ಟರೆ ಬಹುಪಾಲು ಸಾಕು, ಬಾಯಿ ಊದಿ ಉಸಿರಿಗೆ ತೊಂದರೆಯಾದರೆ ಮಾತ್ರ ಓಡಬೇಕು. ಲಿಲಿ, ಸೈಕಸ್, ಕಣಗಿಲೆ, ಹರಳು ಹಿಂಡಿ ಆದರೆ ಲಕ್ಷಣ ಕಾಣುವವರೆಗೆ ಕಾಯುವಂತಿಲ್ಲ; ಗಿಡದ ಒಂದು ತುಂಡನ್ನೋ ಫೋಟೋವನ್ನೋ ಜೊತೆಗಿಟ್ಟುಕೊಂಡು ಪಶುವೈದ್ಯರ ಬಳಿ ಹೋಗಬೇಕು. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವುದು ಬೇಡ, ಹೆಚ್ಚಾದ ಉಪ್ಪು ನಾಯಿಗೆ ತಾನೇ ಒಂದು ವಿಷ.