ಲಾರಿಯಲ್ಲಿ ಹಾಡೂ ಬೇಕು, ಬ್ಯಾಟರಿಯೂ ಉಳಿಯಬೇಕು

ವಾರಗಟ್ಟಲೆ ಮನೆ ಬಿಟ್ಟು ಹೆದ್ದಾರಿಯಲ್ಲೇ ಇರುವ ಲಾರಿ ಚಾಲಕರಿಗೆ ಹಾಡು ಅಂದ್ರೆ ಬರೀ ಮೋಜಲ್ಲ, ಜೊತೆಗೊಬ್ಬರು ಕೂತಂತೆ. ಅದಕ್ಕೇ ಗಾಡಿ ಕೊಂಡ ಮೇಲೆ ದೇವರ ಫೋಟೊ, ಹೂವಿನ ಹಾರದ ಜೊತೆಗೆ ಡ್ಯಾಶ್‌ಬೋರ್ಡಿಗೆ ಒಂದು ಒಳ್ಳೆಯ ಸ್ಟೀರಿಯೊನೂ ಬಂದುಬಿಡುತ್ತದೆ. ಆದರೆ ಕಾರಿಗೆ ಕೂರಿಸಿದ ಹಾಗೆ ಲಾರಿಗೂ ಕೂರಿಸಲು ಹೋದರೆ ಕಷ್ಟ.

12 ಮತ್ತು 24ರ ಲೆಕ್ಕ

ಅಂಗಡಿಯಲ್ಲಿ ಸಿಗುವ ಸ್ಟೀರಿಯೊಗಳು ಸಾಮಾನ್ಯವಾಗಿ 12 ವೋಲ್ಟಿನವು. ದೊಡ್ಡ ಲಾರಿಗಳಲ್ಲಿ ಮಾತ್ರ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ನೇರವಾಗಿ ಕೊಟ್ಟರೆ ಸೆಟ್ ಸುಟ್ಟುಹೋಗುತ್ತದೆ. ‘ಒಂದೇ ಬ್ಯಾಟರಿಯಿಂದ ವೈರ್ ಎಳೆದರಾಯ್ತು ಬಿಡಿ’ ಎನ್ನುವವರೂ ಇದ್ದಾರೆ. ಹಾಡು ಬರುತ್ತದೆ, ನಿಜ. ಆದರೆ ಆ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ, ಪೂರ್ತಿ ಚಾರ್ಜ್ ಆಗುವುದೇ ಇಲ್ಲ. ಇನ್ನೊಂದಕ್ಕೆ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಬಿದ್ದು ನೀರು ಬೇಗ ಆರುತ್ತದೆ. ಕೊನೆಗೆ ಎರಡೂ ಹಾಳು! ಲೋಡ್ ತುಂಬಿದ ಗಾಡಿ ಎಲ್ಲೋ ಘಾಟಿಯಲ್ಲಿ ಸ್ಟಾರ್ಟ್ ಆಗದೆ ನಿಂತರೆ, ಆ ದಿನದ ಬಾಡಿಗೆಯೂ ಹೋಯ್ತು.

ಇದಕ್ಕಿರುವ ಸರಿಯಾದ ದಾರಿ 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್. ಸೆಟ್ಟಿನ ಹಿಂದಿರುವ ಫ್ಯೂಸ್ ಎಷ್ಟು ಆಂಪಿಯರಿನದು ಎಂದು ನೋಡಿ, ಅದಕ್ಕಿಂತ ಕಡಿಮೆಯಿಲ್ಲದ ಕನ್ವರ್ಟರ್ ಕೊಳ್ಳಿ. ಅದು ಬಿಸಿಯಾಗುತ್ತದೆ, ಗಾಳಿಯಾಡುವ ಜಾಗದಲ್ಲಿ ಕೂರಿಸಿ. ಚಿಕ್ಕ ಗೂಡ್ಸ್ ಗಾಡಿಗಳು 12 ವೋಲ್ಟಿನವೇ ಆಗಿದ್ದರೆ ಕನ್ವರ್ಟರ್ ಬೇಕಿಲ್ಲ. ಯಾವುದಕ್ಕೂ ಮೀಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ವೈರಿನ ಬಣ್ಣ ಗೊತ್ತಿರಲಿ

ಸಾಮಾನ್ಯವಾಗಿ ಹಳದಿ ವೈರಿಗೆ ಸದಾ ಕರೆಂಟ್ ಇರಬೇಕು. ಗಡಿಯಾರ, ರೇಡಿಯೊ ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದಲೇ. ಕೆಂಪು ವೈರು ಕೀಗೆ, ಕಪ್ಪು ವೈರು ಅರ್ಥಿಂಗಿಗೆ. ಕೆಂಪನ್ನೂ ಹಳದಿಯ ಜೊತೆ ಸೇರಿಸಿಬಿಟ್ಟರೆ ಕೀ ತೆಗೆದರೂ ಸೆಟ್ ಆರುವುದಿಲ್ಲ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಅರ್ಥಿಂಗ್ ಕೊಡುವ ಕಡೆ ಪೇಂಟ್ ಕೆರೆದು ಗಟ್ಟಿಯಾಗಿ ಬಿಗಿಯಬೇಕು.

ಎಲ್ಲಕ್ಕಿಂತ ಮುಖ್ಯ ಫ್ಯೂಸ್

ಬ್ಯಾಟರಿಯಿಂದ ಹೊರಟ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲಿ ರಬ್ಬರ್ ಬುಷ್ ಹಾಕಿಸಿ. ಗಾಡಿಯ ಅದುರಾಟಕ್ಕೆ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ. ಫ್ಯೂಸ್ ಇದ್ದರೆ ಅದು ಹೋಗಿ ಅಲ್ಲಿಗೇ ನಿಲ್ಲುತ್ತದೆ. ಇಲ್ಲದಿದ್ದರೆ ಕ್ಯಾಬಿನ್ನಿಗೇ ಬೆಂಕಿ. ಹಿಂದಿನ ಸೀಟಿನಲ್ಲಿ ಕ್ಲೀನರ್ ಮಲಗಿರುತ್ತಾನೆ ಅನ್ನೋದು ನೆನಪಿರಲಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ತಂತಿ ಸುತ್ತಿ ಓಡಿಸಬೇಡಿ, ಕಾರಣ ಹುಡುಕಿಸಿ. ವೈರ್ ಜೋಡಿಸಿದ ಕಡೆ ಬರೀ ಟೇಪ್ ಸುತ್ತಿದರೆ ಬಿಸಿಲಿಗೆ ಅಂಟು ಬಿಡುತ್ತದೆ. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಏರಿಸಿ.

ಬಜೆಟ್ ಕಡಿಮೆಯಿದ್ದರೆ ಸ್ಪೀಕರ್ ಚಿಕ್ಕದಾಗಲಿ, ಕನ್ವರ್ಟರ್ ಮತ್ತು ಫ್ಯೂಸಿನಲ್ಲಿ ಉಳಿತಾಯ ಬೇಡ. ಸೌಂಡು ಹಿಂದಿನ ಗಾಡಿಯ ಹಾರ್ನ್ ಕೇಳುವಷ್ಟೇ ಇರಲಿ. ಕಣ್ಣು ಎಳೆಯತೊಡಗಿದರೆ ಮಾತ್ರ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಒಂದು ನಿದ್ದೆ ತೆಗೆಯಿರಿ. ಮನೆಯಲ್ಲಿ ಕಾಯುತ್ತಿರುತ್ತಾರೆ.